ಮೈಯೊಳಗಿನ ಹಗೇವು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಿರಿಯರಿಗೆ ಹಗೇವು ಗೊತ್ತು. ನೆಲದೊಳಗೆ ತೋಡಿದ ಕಣಜ. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಸುಗ್ಗಿಯಲ್ಲಿ ತುಂಬಿಟ್ಟ ಜೋಳ ಬರಗಾಲದಲ್ಲಿ ಕೈಹಿಡಿಯುತ್ತಿತ್ತು.

ಅಂಥದ್ದೇ ಹಗೇವು ನಮ್ಮ ಮೈಯೊಳಗೂ ಇದೆ. ಅದು ಕೂಡಿಡುವುದು ಕಬ್ಬಿಣವನ್ನು. ಹೆಸರು ಫೆರಿಟಿನ್. ರಕ್ತ ಕಡಿಮೆ ಇರುವವರ ಪರೀಕ್ಷೆ ಚೀಟಿಯಲ್ಲಿ ಈ ಹೆಸರನ್ನು ನೀವು ನೋಡಿರಬಹುದು. 1937ರಲ್ಲಿ ಝೆಕ್ ವಿಜ್ಞಾನಿ ಲೌಫ್‌ಬರ್ಗರ್ ಕುದುರೆಯ ಗುಲ್ಮದಿಂದ ಇದನ್ನು ಬೇರ್ಪಡಿಸಿದರು. 24 ಪ್ರೋಟೀನ್ ತುಂಡುಗಳು ಕೂಡಿ ಆದ ಟೊಳ್ಳು ಗೋಲ ಇದು. ಅಗಲ 12 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ 12 ಪಾಲು. ಒಳಗೆ ಸುಮಾರು 4,500 ಕಬ್ಬಿಣದ ಪರಮಾಣುಗಳು ಹಿಡಿಸುತ್ತವೆ.

ಬರಿದಾದ ಹಗೇವಿನಲ್ಲಿ ಬೇರೆ ಏನನ್ನಾದರೂ ಇಡಬಹುದೇ? 1991ರಲ್ಲಿ ಬ್ರಿಟನ್ನಿನ ಮೆಲ್ಡ್ರಮ್, ಸ್ಟೀಫನ್ ಮಾನ್ ಮುಂತಾದವರು ಫೆರಿಟಿನ್ ಪಂಜರದೊಳಗೆ ಬೇರೆ ಖನಿಜಗಳನ್ನು ಬೆಳೆಸಿ ತೋರಿಸಿದರು. 2004ರಲ್ಲಿ ಜಪಾನಿನ ತಕಾಫುಮಿ ಉಎನೊ ಮತ್ತು ಸಂಗಡಿಗರು ಪಲ್ಲಾಡಿಯಂ ಲೋಹದ ಕಣವನ್ನು ಒಳಗಿಟ್ಟರು. ಕಣಜ ಕಾರ್ಖಾನೆಯಾಯಿತು. ಸಣ್ಣ ಬಾಯಿಯಲ್ಲಿ ತೂರಬಲ್ಲ ಅಣುಗಳಿಗೆ ಹೈಡ್ರೋಜನ್ ಬೇಗ ಕೂಡಿತು; ದೊಡ್ಡ ಅಣುಗಳು ಹಿಂದೆ ಬಿದ್ದವು.

ಜೋಳದ ರೊಟ್ಟಿಯನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುತ್ತದಲ್ಲ, ಅದು ಎಂಜಲಿನಲ್ಲಿರುವ ಕಿಣ್ವದ ಕೆಲಸ. ಕಿಣ್ವ ತನಗೆ ಬೇಕಾದ್ದನ್ನಷ್ಟೇ ಆರಿಸಿಕೊಂಡು ಕೆಲಸ ಮಾಡುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ. ಲೋಹ ತುಂಬಿದ ಪಂಜರವೂ ಹೀಗೇ ಆರಿಸಿತು. ಅದಕ್ಕೇ ಇಂಥವನ್ನು ಕೃತಕ ಕಿಣ್ವ ಎನ್ನುತ್ತಾರೆ.

ಈ ಕಥೆಯ ಒಂದು ಎಳೆ ಬೆಂಗಳೂರಿನಲ್ಲೂ ಇದೆ. ಎಲೆಬಳ್ಳಿ ತೋಟದಲ್ಲಿ ಬಳ್ಳಿಯ ಆಸರೆಗೆ ನೆಡುವ ಚೊಗಚೆ ಗಿಡಕ್ಕೆ ಒಂದು ವೈರಾಣು ತಗಲುತ್ತದೆ. ಅದರ ಚಿಪ್ಪೂ ಪ್ರೋಟೀನ್ ಪಂಜರವೇ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಆರ್.ಎನ್. ಮೂರ್ತಿ, ಎಚ್.ಎಸ್. ಸಾವಿತ್ರಿ ಅವರ ತಂಡ 1995ರಲ್ಲಿ ಅದರ ರಚನೆಯನ್ನು ಪ್ರಕಟಿಸಿತು: 180 ತುಂಡುಗಳ ಜೋಡಣೆ. ಮುಂದೆ ಅದೇ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಒಂದು ತುದಿ ಕತ್ತರಿಸಿದಾಗ 60 ತುಂಡುಗಳ ಚಿಕ್ಕ ಪಂಜರ ಕಟ್ಟಿಕೊಂಡಿತು. ಬೆಳೆಗೆ ರೋಗ ತರುವ ಚಿಪ್ಪನ್ನು ನಮಗೆ ಬೇಕಾದ ಅಳತೆಗೆ ತರಬಹುದು ಎಂದು ಇದರಿಂದ ತಿಳಿಯಿತು. ಅದೇ ಸಂಸ್ಥೆಯ ಜಿ. ಮುಗೇಶ್ ತಂಡ 2014ರಲ್ಲಿ ಇನ್ನೊಂದು ದಾರಿ ತೋರಿಸಿತು. ಅಲ್ಲಿ ಪಂಜರವಿಲ್ಲ, ವನೇಡಿಯಂ ಆಕ್ಸೈಡಿನ ಅತಿಸೂಕ್ಷ್ಮ ತಂತಿಗಳೇ ಜೀವಕೋಶದೊಳಗೆ ಕಿಣ್ವದಂತೆ ದುಡಿದವು.

ಇವೆಲ್ಲ ಪ್ರಯೋಗಾಲಯದ ಕೆಲಸಗಳು. ರಕ್ತಹೀನತೆಗೆ ಇಂದಿಗೂ ವೈದ್ಯರು ಕೊಡುವ ಕಬ್ಬಿಣದ ಮಾತ್ರೆ, ಜೊತೆಗೆ ಸೊಪ್ಪು, ಕಾಳು ಬೇಕು. ಆದರೆ ಚೀಟಿಯಲ್ಲಿ ಫೆರಿಟಿನ್ ಕಂಡರೆ ಸುಮ್ಮನೆ ಮಡಚಿಡಬೇಡಿ, ಎಷ್ಟಿದೆ ಎಂದು ವೈದ್ಯರನ್ನು ಕೇಳಿ. ಹಿಮೊಗ್ಲೋಬಿನ್ ಇಳಿಯುವ ಮೊದಲೇ ಹಗೇವು ಬರಿದಾಗತೊಡಗಿರುತ್ತದೆ.