ಶಾಪದಿಂದ ಸ್ವಭಾವದತ್ತ: ಮಕ್ಕಳ ಚಿತ್ರಕಾದಂಬರಿ ಮತ್ತು ಲಿಂಗತ್ವ

ಕಥೆಯನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಚಿತ್ರಗಳಲ್ಲೇ ನಡೆಸುವ ದೀರ್ಘ ಕೃತಿಯನ್ನು ಚಿತ್ರಕಾದಂಬರಿ ಅಥವಾ ಗ್ರಾಫಿಕ್ ಕಾದಂಬರಿ ಎನ್ನಲಾಗುತ್ತದೆ; ಹೆಸರು ಹೊಸದಾದರೂ ಈ ಕಥನಕ್ರಮ ಕನ್ನಡನಾಡಿಗೆ ಹೊಸದಲ್ಲ, ಏಕೆಂದರೆ ಹಂಪಿಯ 15ನೆಯ ಶತಮಾನದ ಹಜಾರರಾಮ ದೇವಾಲಯದ ಗೋಡೆಗಳಲ್ಲಿ ರಾಮಾಯಣವು ಸಾಲು ಸಾಲು ಫಲಕಗಳಾಗಿ ಸಾಗುತ್ತದೆ. ಲಿಂಗತ್ವ ಅಸ್ಮಿತೆಯೆಂದರೆ, ಹುಟ್ಟಿದಾಗ ದೇಹವನ್ನು ನೋಡಿ ಇತರರು ಇಟ್ಟ ಗುರುತಲ್ಲ, ವ್ಯಕ್ತಿ ತನ್ನನ್ನು ಹೆಣ್ಣು, ಗಂಡು ಅಥವಾ ಈ ಎರಡರ ಆಚೆಯವರು ಎಂದು ಒಳಗಿನಿಂದ ಅರಿಯುವ ಬಗೆ.

ಈ ಎರಡೂ ಕೂಡುವ ಮೊದಲೇ ರೂಪಾಂತರದ ಅದ್ಭುತಕಥೆಗಳು ಕನ್ನಡದಲ್ಲಿ ಹೇರಳವಾಗಿದ್ದವು. ಕುಮಾರವ್ಯಾಸನ ವಿರಾಟಪರ್ವದಲ್ಲಿ ಅರ್ಜುನ ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಯಜ್ಞದ ಕುದುರೆ ಒಂದು ಕೊಳಕ್ಕಿಳಿದು ಹೆಣ್ಗುದುರೆಯಾಗಿ, ಇನ್ನೊಂದಕ್ಕಿಳಿದು ಹುಲಿಯಾಗಿ ಹೊರಬರುತ್ತದೆ. ಆದರೆ ಇಂಥ ಕಥೆಗಳಲ್ಲಿ ದೇಹದ ಬದಲಾವಣೆ ಬಹುಮಟ್ಟಿಗೆ ಶಾಪದ ಫಲ. ಅವಧಿ ಮುಗಿದೊಡನೆ ಹಳೆಯ ರೂಪ ಮರಳುತ್ತದೆ, ಮರಳಬೇಕೆಂಬ ಆಸೆ ಬೃಹನ್ನಳೆಗಿತ್ತೇ ಎಂದು ಯಾರೂ ಕೇಳುವುದಿಲ್ಲ. 1967ರಲ್ಲಿ ಅನಂತ ಪೈ ಆರಂಭಿಸಿದ ಅಮರ ಚಿತ್ರಕಥೆ ಮಾಲೆ ಪುರಾಣಗಳನ್ನು ಚಿತ್ರರೂಪದಲ್ಲಿ ಮಕ್ಕಳ ಕೈಗಿತ್ತಿತು. ಆ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಅದನ್ನು ನೇರವಾಗಿ ಎತ್ತಿಕೊಂಡದ್ದು ಕಳೆದ ದಶಕದ ಅಮೆರಿಕದ ಕೃತಿಗಳು. ಮಾಲಿ ನಾಕ್ಸ್ ಓಸ್ಟರ್‌ಟಾಗ್ ರಚಿಸಿದ ‘ದಿ ವಿಚ್ ಬಾಯ್’ (2017) ಕೃತಿಯ ಕುಟುಂಬದಲ್ಲಿ ಹೆಣ್ಣುಮಕ್ಕಳು ಮಾಟಗಾತಿಯರಾಗಬೇಕು, ಗಂಡುಮಕ್ಕಳು ಪ್ರಾಣಿರೂಪ ತಾಳಬೇಕು; ಆಸ್ಟರ್ ಎಂಬ ಹುಡುಗನಿಗೆ ಒಲಿಯುವುದು ಮಾತ್ರ ಮಂತ್ರವಿದ್ಯೆ. ತಾನು ಹುಡುಗಿಯೆಂದು ಅವನು ಹೇಳಿಕೊಳ್ಳುವುದಿಲ್ಲವಾದ್ದರಿಂದ ಕೃತಿಯ ಪ್ರಶ್ನೆ ಅಸ್ಮಿತೆಗಿಂತ ಮೊದಲು ಹೆಣ್ಣುಗಂಡುಗಳಿಗೆ ಹಂಚಿಕೊಟ್ಟ ಕೆಲಸಗಳನ್ನು ಕುರಿತದ್ದು. ಆದರೂ ಮಗುವಿನ ಒಲವನ್ನು ಶಾಪವೆಂದು ಕಾಣದೆ ಸ್ವಭಾವವೆಂದು ಕಂಡದ್ದೇ ಇದರ ನಿಜವಾದ ಹೆಜ್ಜೆ. ಜೆನ್ ವಾಂಗ್ ಅವರ ‘ದಿ ಪ್ರಿನ್ಸ್ ಅಂಡ್ ದಿ ಡ್ರೆಸ್‌ಮೇಕರ್’ (2018) ಹೆಣ್ಣುಡುಪಿನಲ್ಲಿ ಹಿಗ್ಗುವ ರಾಜಕುಮಾರನನ್ನು ಚಿತ್ರಿಸಿತು. ಭಾರತದಲ್ಲಿ ಅಮೃತಾ ಪಾಟೀಲರ ‘ಕಾರಿ’ (2008) ಇವೆರಡಕ್ಕೂ ಮುಂಚೆಯೇ ಬಂದಿದ್ದರೂ ಅದು ದೊಡ್ಡವರ ಓದಿಗೆ ಸೇರಿದ್ದು.

ಕನ್ನಡದ ಕಲಾವಿದರಿಗೆ ಈ ದಾರಿಯಲ್ಲಿ ಅತ್ಯಂತ ಶ್ರೀಮಂತ ಸಾಮಗ್ರಿ ಹೊಸಪೇಟೆಯ ಸುತ್ತಲಿನ ಜೋಗತಿ ಪರಂಪರೆಯಲ್ಲಿದೆ. ಹುಲಿಗಿಯ ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು, ಅಂದರೆ ದೇವಿಗೆ ಒಪ್ಪಿಸಲ್ಪಟ್ಟವರು, ಗಂಡಾಗಿ ಹುಟ್ಟಿದ್ದರೂ ಸೀರೆಯುಟ್ಟು ಚೌಡಿಕೆ ವಾದ್ಯದ ನಾದಕ್ಕೆ ಹಾಡಿ ಕುಣಿಯುತ್ತಾರೆ; ಇಲ್ಲಿ ಬದಲಾವಣೆ ಶಾಪವೂ ಅಲ್ಲ, ಆಧುನಿಕ ಅರ್ಥದ ಅಸ್ಮಿತೆಯಷ್ಟೇ ಅಲ್ಲ, ದೇವಿಯ ಕರೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಈ ಕಲೆಯಿಂದಲೇ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರ ಪದ್ಮಶ್ರೀಗೆ ಪಾತ್ರರಾದರು. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥೆ ‘ನಡುವೆ ಸುಳಿವ ಹೆಣ್ಣು’ ಚಿತ್ರಕಾದಂಬರಿಗೆ ಬೇಕಾದಷ್ಟು ಬದುಕನ್ನು ಒಳಗೊಂಡಿದೆ. ಆದರೆ ದೇವಿಯ ಕರೆಯನ್ನು ಬರಿಯ ಮಾಯಾಲೋಕವಾಗಿಸಿದರೆ ಮನೆಯಿಂದ ದೂರವಾದವರ ಹಸಿವು, ಭಿಕ್ಷೆ, ಅವಮಾನ ಮರೆಯಾಗುತ್ತವೆ. ಇದೇ ರೀತಿ ಮುತ್ತು ಕಟ್ಟಿ ಬಡಹುಡುಗಿಯರನ್ನು ದೇವರಿಗೆ ಬಿಡುವ ಪದ್ಧತಿಯನ್ನು ರಾಜ್ಯ 1982ರ ಕಾಯ್ದೆಯಿಂದ ನಿಷೇಧಿಸಿದ್ದೇಕೆ ಎಂಬುದನ್ನೂ ಓದುವ ಮಗುವಿಗೆ ಅದೇ ಪುಟಗಳಲ್ಲಿ ಹೇಳಬೇಕಾಗುತ್ತದೆ.