ಬಿಡದ ಕಫದ ಕೆಮ್ಮು: ದೀರ್ಘಕಾಲದ ಬ್ರಾಂಕೈಟಿಸ್ ಶ್ವಾಸಕೋಶಕ್ಕೆ ಏನು ಮಾಡುತ್ತದೆ?

ವರ್ಷಕ್ಕೆ ಕನಿಷ್ಠ 3 ತಿಂಗಳಂತೆ ಸತತ 2 ವರ್ಷ ಕಫದ ಕೆಮ್ಮು ಕಾಡಿ, ಬೇರೆ ಕಾರಣ ಸಿಗದಿದ್ದರೆ ವೈದ್ಯರು ಅದನ್ನು ದೀರ್ಘಕಾಲದ ಬ್ರಾಂಕೈಟಿಸ್ ಎನ್ನುತ್ತಾರೆ. ನಮ್ಮಲ್ಲಿ ಬೇರೆ ಕಾರಣವೆಂದರೆ ಮೊದಲಿಗೆ ಕ್ಷಯ. ಹಾಗಾಗಿ ಕಫ ಪರೀಕ್ಷೆ ತಪ್ಪಿಸುವಂತಿಲ್ಲ.

ಹೊಗೆ ತಾಗುತ್ತಲೇ ಇದ್ದರೆ ಶ್ವಾಸನಾಳದ ಒಳಪದರ ಊದಿಕೊಳ್ಳುತ್ತದೆ, ಲೋಳೆ ಹೆಚ್ಚುತ್ತದೆ. ಅದನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಹಾಳಾಗುತ್ತವೆ. ಕಫ ಒಳಗೇ ಉಳಿದು ಸೋಂಕು ಮರುಕಳಿಸುತ್ತದೆ, ಗಾಳಿಯ ದಾರಿ ಕಿರಿದಾಗುತ್ತದೆ.

ಬೀಡಿ, ಸಿಗರೇಟ್ ಮುಖ್ಯ ಕಾರಣ. ಆದರೆ ಎಂದೂ ಸೇದದೆ, ವರ್ಷಗಟ್ಟಲೆ ಸೌದೆ, ಬೆರಣಿ ಒಲೆಯ ಮುಂದೆ ಕೂತ ಮಹಿಳೆಯರಿಗೂ ಇದು ಬರುತ್ತದೆ. ಅವರ ಕೆಮ್ಮನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುವ ಮನೆಗಳೇ ಹೆಚ್ಚು.

ಕೊಳವೆಗೆ ಜೋರಾಗಿ ಊದುವ ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ ಅಡಚಣೆ ಎಷ್ಟೆಂದು ತಿಳಿಯುತ್ತದೆ. ಇನ್‌ಹೇಲರ್ ಉಸಿರಾಟ ಸಲೀಸು ಮಾಡುತ್ತದೆ. ಹೊಗೆಯಿಂದ ದೂರವಾದರೆ ಶ್ವಾಸಕೋಶದ ಕುಸಿತ ನಿಧಾನವಾಗುತ್ತದೆ. ಕಳೆದುಕೊಂಡ ಸಾಮರ್ಥ್ಯ ಮಾತ್ರ ಪೂರ್ತಿ ಮರಳುವುದಿಲ್ಲ.