ಕೈಬಂದೂಕಿನ ಕ್ಯಾಲಿಬರ್: ಜೊತೆಗೊಯ್ಯಲು ಯಾವುದು, ಗುರಿ ಅಭ್ಯಾಸಕ್ಕೆ ಯಾವುದು?

ಕಳೆದ ಚಳಿಗಾಲದಲ್ಲಿ ನಮ್ಮ ಊರಿನ ಕನ್ನಡ ಕುಟುಂಬವೊಂದರ ಮನೆಗೆ ಹಾಡುಹಗಲೇ ಕಳ್ಳರು ನುಗ್ಗಿ ಒಡವೆಯ ಪೆಟ್ಟಿಗೆಯನ್ನು ಹೊತ್ತೊಯ್ದರು. ಭಾರತೀಯರ ಮನೆಗಳಲ್ಲಿ ಚಿನ್ನವಿರುತ್ತದೆ ಎಂಬುದು ಈಗ ಅಮೆರಿಕದ ಕಳ್ಳರಿಗೂ ತಿಳಿದ ಸಂಗತಿ. ಅದಾದ ಕೆಲವೇ ದಿನಗಳಲ್ಲಿ, ಸಂಕ್ರಾಂತಿಯ ಊಟದ ಸಾಲಿನಲ್ಲಿ, ಮೂವರು ಬೇರೆಬೇರೆಯಾಗಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಪಿಸ್ತೂಲು ಕೊಳ್ಳುವುದಾದರೆ ಯಾವ ಕ್ಯಾಲಿಬರಿನದನ್ನು ಕೊಳ್ಳಬೇಕು? ನನ್ನನ್ನೇ ಕೇಳಲು ಕಾರಣವಿದೆ. ಟೆಕ್ಸಾಸಿನಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ತುರ್ತುಚಿಕಿತ್ಸಾ ವೈದ್ಯನಾಗಿದ್ದೇನೆ. ಹನ್ನೆರಡು ವರ್ಷಗಳಿಂದ ಭಾನುವಾರದ ಬೆಳಗುಗಳಲ್ಲಿ ಗುರಿ ಹೊಡೆಯುತ್ತಲೂ ಬಂದಿದ್ದೇನೆ. ಗುಂಡು ಹೊರಡುವ ತುದಿ, ಅದು ತಲುಪುವ ತುದಿ, ಎರಡರ ಪರಿಚಯವೂ ನನಗುಂಟು.

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ. ರೂಢಿಯಲ್ಲಿ, ಅದರ ಮೂಲಕ ಹಾಯುವ ಗುಂಡಿನ ವ್ಯಾಸ. ಅಮೆರಿಕದಲ್ಲಿ ಇದನ್ನು ಅಂಗುಲದ ದಶಮಾಂಶದಲ್ಲಿಯೂ ಯುರೋಪಿನಲ್ಲಿ ಮಿಲಿಮೀಟರುಗಳಲ್ಲಿಯೂ ಹೇಳುವ ವಾಡಿಕೆ. .22 ಎಂದರೆ ಅಂಗುಲದ ನೂರರಲ್ಲಿ 22 ಪಾಲು, ಸುಮಾರು 5.6 ಮಿ.ಮೀ. ಆದರೆ ಹೆಸರುಗಳನ್ನು ಪೂರ್ತಿ ನಂಬುವಂತಿಲ್ಲ. .38 ಸ್ಪೆಷಲ್ ಗುಂಡಿನ ನಿಜವಾದ ವ್ಯಾಸ 0.357 ಅಂಗುಲ, 9 ಮಿ.ಮೀ. ಮತ್ತು .380 ಗುಂಡುಗಳದು 0.355. ವ್ಯಾಸದಲ್ಲಿ ಮೂರೂ ಒಂದೇ ಎನ್ನುವಷ್ಟು ಹತ್ತಿರವಿದ್ದರೂ ತೋಟಾಗಳ ಉದ್ದ, ಮದ್ದಿನ ಪ್ರಮಾಣ, ಒತ್ತಡ ಬೇರೆ. ಒಂದರ ತೋಟಾವನ್ನು ಇನ್ನೊಂದರಲ್ಲಿ ತುಂಬುವುದು ಅಪಾಯಕರ. ನಳಿಗೆಯ ಮೇಲೆ ಕೆತ್ತಿರುವ ಪೂರ್ಣ ಹೆಸರನ್ನೇ ನೋಡಿ ಕೊಳ್ಳಬೇಕು. 9 ಮಿ.ಮೀ. ಲೂಗರ್, 9 ಮಿ.ಮೀ. ಪ್ಯಾರಾಬೆಲಮ್, 9×19 ಇವು ಮೂರೂ ಒಂದೇ ತೋಟಾದ ಹೆಸರುಗಳು. ಗುಂಡಿನ ತೂಕವನ್ನು ಗ್ರೇನ್ ಎಂಬ ಮಾನದಲ್ಲಿ ಬರೆದಿರುತ್ತಾರೆ. ಒಂದು ಗ್ರೇನ್ ಸುಮಾರು 0.065 ಗ್ರಾಂ, ನಮ್ಮ ಗುಲಗಂಜಿಯ ಅರ್ಧದಷ್ಟು.

ದೊಡ್ಡ ಗುಂಡಿಗೆ ದೊಡ್ಡ ಪರಿಣಾಮ ಎಂಬ ನಂಬಿಕೆಗೆ ನೂರಿಪ್ಪತ್ತು ವರ್ಷಗಳ ಇತಿಹಾಸವಿದೆ, ಅದರಲ್ಲಿ ನನ್ನ ವೃತ್ತಿಯವರ ಪಾಲೂ ಇದೆ. ಫಿಲಿಪ್ಪೀನ್ಸಿನಲ್ಲಿ ಮೋರೋ ಯೋಧರೊಂದಿಗೆ ಕಾದಾಡುತ್ತಿದ್ದ ಅಮೆರಿಕದ ಸೈನಿಕರು ತಮ್ಮ .38 ರಿವಾಲ್ವರಿನ ಗುಂಡು ತಗುಲಿದರೂ ಎದುರಾಳಿ ನಿಲ್ಲುತ್ತಿಲ್ಲವೆಂದು ದೂರಿದರು. 1904ರಲ್ಲಿ ಸೈನ್ಯವು ಜಾನ್ ಥಾಂಪ್ಸನ್ ಎಂಬ ಅಧಿಕಾರಿಯನ್ನೂ ಲೂಯಿಸ್ ಲಗಾರ್ಡ್ ಎಂಬ ಸೇನಾವೈದ್ಯನನ್ನೂ ಪರೀಕ್ಷೆಗೆ ನೇಮಿಸಿತು. ಅವರು ಷಿಕಾಗೋದ ಕಸಾಯಿಖಾನೆಗಳಲ್ಲಿ ದನಗಳ ಮೇಲೂ, ಜೊತೆಗೆ ಮಾನವ ಶವಗಳ ಮೇಲೂ ಬೇರೆಬೇರೆ ಗುಂಡುಗಳನ್ನು ಹಾರಿಸಿ ನೋಡಿ, .45ಕ್ಕಿಂತ ಕಡಿಮೆಯದು ಸೈನ್ಯಕ್ಕೆ ತಕ್ಕುದಲ್ಲವೆಂದು ವರದಿ ಕೊಟ್ಟರು. ಜಾನ್ ಬ್ರೌನಿಂಗ್ ರೂಪಿಸಿದ .45 ಪಿಸ್ತೂಲನ್ನು 1911ರಲ್ಲಿ ಸೈನ್ಯ ಸ್ವೀಕರಿಸಿದ್ದು ಈ ಹಿನ್ನೆಲೆಯಲ್ಲಿ. ಆ ಪರೀಕ್ಷೆಯ ವಿವರ ಓದಿದಾಗ ನನಗೆ ಕಸಿವಿಸಿಯಾಯಿತು. ಪ್ರಾಣಿಗಳ ಸಂಖ್ಯೆ ಅಲ್ಪ, ತೀರ್ಮಾನ ಬೃಹತ್ತು. ಇಂದು ಯಾವ ವೈದ್ಯಕೀಯ ಪತ್ರಿಕೆಯೂ ಅಂಥ ಲೇಖನವನ್ನು ಒಪ್ಪಲಾರದು.

ಎರಡನೆಯ ತಿರುವು 1986ರ ಏಪ್ರಿಲ್ 11ರದು. ಮಯಾಮಿಯಲ್ಲಿ ಇಬ್ಬರು ದರೋಡೆಕೋರರೊಡನೆ ನಡೆದ ಕಾಳಗದಲ್ಲಿ ಎಫ್.ಬಿ.ಐ.ನ ಇಬ್ಬರು ಸತ್ತರು, ಐವರು ಗಾಯಗೊಂಡರು. ದರೋಡೆಕೋರನೊಬ್ಬನಿಗೆ ಆರಂಭದಲ್ಲಿಯೇ ತಗುಲಿದ್ದ 9 ಮಿ.ಮೀ. ಗುಂಡು ತೋಳನ್ನು ದಾಟಿ ಎದೆಗೂಡನ್ನು ಹೊಕ್ಕು ಹೃದಯವನ್ನು ಮುಟ್ಟುವ ಮೊದಲೇ ನಿಂತಿತ್ತು. ಆತ ಮುಂದೆಯೂ ಗುಂಡು ಹಾರಿಸುತ್ತಲೇ ಇದ್ದ. ಸಂಸ್ಥೆಯು ಗುಂಡನ್ನು ದೂಷಿಸಿತು. ಅದೇ ದಶಕದಲ್ಲಿ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ಸ್ಯಾನ್ ಫ್ರಾನ್ಸಿಸ್ಕೋದ ಪ್ರಯೋಗಾಲಯದಲ್ಲಿ ಶೇ. 10ರ ಜೆಲಾಟಿನ್ ಗಟ್ಟಿಗಳ ಮೇಲೆ ನಡೆಸುತ್ತಿದ್ದ ಅಧ್ಯಯನಗಳು ಅದಕ್ಕೆ ಆಧಾರವಾದವು. ಗುಂಡು ಜೆಲಾಟಿನ್‌ನಲ್ಲಿ ಕನಿಷ್ಠ 12 ಅಂಗುಲ, ಗರಿಷ್ಠ 18 ಅಂಗುಲ ಒಳಸೇರಬೇಕೆಂಬ ಅಳತೆಗೋಲು ಹುಟ್ಟಿತು. ಎಫ್.ಬಿ.ಐ. ಮೊದಲು 10 ಮಿ.ಮೀ.ಗೆ ಹೋಯಿತು, ಅದರ ಒದೆತ ಹೆಚ್ಚೆನಿಸಿ, 1990ರಲ್ಲಿ ಬಂದ.40 ಎಸ್ ಆಂಡ್ ಡಬ್ಲ್ಯೂಗೆ ಬದಲಾಯಿತು. ಕಳೆದ ದಶಕದ ನಡುವೆ ಮತ್ತೆ 9 ಮಿ.ಮೀ.ಗೇ ಮರಳಿತು. ಅಷ್ಟರಲ್ಲಿ 9 ಮಿ.ಮೀ. ಗುಂಡುಗಳ ರಚನೆ ಸುಧಾರಿಸಿತ್ತು. ಜೊತೆಗೆ ಹೆಚ್ಚಿನವರು ಅದರಲ್ಲಿ ಬೇಗನೆಯೂ ನಿಖರವಾಗಿಯೂ ಗುರಿ ಮುಟ್ಟುತ್ತಿದ್ದರು.

ವೈದ್ಯನಾಗಿ ಇದು ನನಗೆ ಆಶ್ಚರ್ಯವೆನಿಸಲಿಲ್ಲ. ಗುಂಡು ದೇಹದಲ್ಲಿ ಎರಡು ಬಗೆಯ ಕುಹರಗಳನ್ನು ಮಾಡುತ್ತದೆ: ಅಂಗಾಂಶವನ್ನು ಜಜ್ಜಿ ತೆರೆದ ಶಾಶ್ವತ ದಾರಿ ಒಂದು, ಕ್ಷಣಮಾತ್ರ ಹಿಗ್ಗಿ ಮತ್ತೆ ಕುಗ್ಗುವ ತಾತ್ಕಾಲಿಕ ಕುಹರ ಇನ್ನೊಂದು. ಸೆಕೆಂಡಿಗೆ ಎಂಟುನೂರು ಒಂಬೈನೂರು ಮೀಟರ್ ವೇಗದ ರೈಫಲ್ ಗುಂಡು ಆ ಹಿಗ್ಗುವಿಕೆಯಿಂದಲೇ ಅಂಗಗಳನ್ನು ಹರಿಯಬಲ್ಲದು. ಇನ್ನೂರೈವತ್ತರಿಂದ ನಾನೂರು ಮೀಟರ್ ವೇಗದ ಪಿಸ್ತೂಲಿನ ಗುಂಡಿಗೆ, ಯಕೃತ್ತು, ಮಿದುಳಿನಂಥ ಬಿಗಿಯಾದ ಅಂಗಗಳನ್ನು ಬಿಟ್ಟರೆ, ಆ ಸಾಮರ್ಥ್ಯ ಬಹುತೇಕ ಇಲ್ಲ. ಅದು ತಾನು ಮುಟ್ಟಿದ್ದನ್ನು ಮಾತ್ರ ಕೆಡಿಸುತ್ತದೆ. 9 ಮಿ.ಮೀ.ಗೂ .45ಕ್ಕೂ ಇರುವ ವ್ಯಾಸದ ಅಂತರ ಅಂಗುಲದ ಹತ್ತನೆಯ ಒಂದು ಪಾಲಿನಷ್ಟೂ ಇಲ್ಲ. ಚರ್ಮ ಹಿಗ್ಗಿ ಕುಗ್ಗುವುದರಿಂದ ಒಳಹೊಕ್ಕ ಗಾಯವನ್ನು ನೋಡಿ ಕ್ಯಾಲಿಬರ್ ಹೇಳಲು ನನಗೆ ಇಂದಿಗೂ ಸಾಧ್ಯವಿಲ್ಲ, ಹೇಳುವವರನ್ನು ನಾನು ನಂಬುವುದೂ ಇಲ್ಲ. ಗಾಯಾಳು ಬದುಕುವನೇ ಎಂಬುದನ್ನು ನಿರ್ಧರಿಸುವುದು ಗುಂಡು ಹಾದ ದಾರಿ. ಚಿಕ್ಕ ಗುಂಡೆಂಬ ಸಮಾಧಾನ ನಮ್ಮ ವಿಭಾಗದಲ್ಲಿ ಯಾರಿಗೂ ಇಲ್ಲ; .22ರಿಂದ ಸತ್ತವರನ್ನು ನಾನು ಕಂಡಿದ್ದೇನೆ. ಅಂತೆಯೇ, ಒಂದೇಟಿಗೆ ಮನುಷ್ಯನನ್ನು ಕೆಡಹುವ ಪಿಸ್ತೂಲೆಂಬುದು ಚಲನಚಿತ್ರದ ವಸ್ತು. ಹೃದಯವೇ ನಿಂತರೂ ಮಿದುಳಿನಲ್ಲಿ ಉಳಿದ ಆಮ್ಲಜನಕ ಹತ್ತು ಹದಿನೈದು ಸೆಕೆಂಡುಗಳ ಚಲನೆಗೆ ಸಾಕಾಗುತ್ತದೆ.

ಇನ್ನು ಅಂಕಿಗಳು. ಸಾಮಾನ್ಯ ತೋಟಾಗಳಲ್ಲಿ 8 ಗ್ರಾಂ ತೂಕದ 9 ಮಿ.ಮೀ. ಗುಂಡು ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ 490 ಜೂಲ್ ಶಕ್ತಿಯನ್ನು ಹೊತ್ತೊಯ್ಯುತ್ತದೆ. 15 ಗ್ರಾಮಿನ .45 ಗುಂಡು 255 ಮೀಟರ್ ವೇಗದಲ್ಲಿ ಹೆಚ್ಚು ಕಡಿಮೆ ಅಷ್ಟನ್ನೇ. .40ರದು ತುಸು ಹೆಚ್ಚು. .380 ಮತ್ತು .38 ಸ್ಪೆಷಲ್‌ಗಳದು ಇದರ ಅರ್ಧಕ್ಕಿಂತ ಸ್ವಲ್ಪ ಮೇಲೆ; .22ರದು ಕಾಲುಭಾಗ. ಆದರೆ ಕೈಗೆ ತಿಳಿಯುವ ಹಿನ್ನೊದೆತವು ಶಕ್ತಿಗಿಂತ ಹೆಚ್ಚಾಗಿ ಸಂವೇಗವನ್ನು, ಅಂದರೆ ತೂಕ ಮತ್ತು ವೇಗಗಳ ಗುಣಲಬ್ಧವನ್ನು, ಮತ್ತು ಪಿಸ್ತೂಲಿನ ತೂಕವನ್ನು ಅವಲಂಬಿಸಿದೆ. ಹೀಗಾಗಿ ಜೇಬಿನಲ್ಲಿ ಹಿಡಿಸುವ ಹಗುರ ಪಿಸ್ತೂಲಿನಲ್ಲಿ ಮೆದುವೆನ್ನಲಾಗುವ .380 ಕೂಡ ಅಂಗೈಯನ್ನು ಕುಟ್ಟುತ್ತದೆ. ಭಾರದ ಉಕ್ಕಿನ ಪಿಸ್ತೂಲಿನಲ್ಲಿ.45 ಮೆಲ್ಲಗೆ ತಳ್ಳಿದಂತಿರುತ್ತದೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಅಂಗಡಿಯೊಂದರ ಮಾರಾಟಗಾರನ ಮಾತಿಗೆ ಒಪ್ಪಿ ಮೊದಲು ಕೊಂಡದ್ದು .40ರ ಚಿಕ್ಕ ಪಿಸ್ತೂಲು. ಎರಡು ತಿಂಗಳಲ್ಲಿ ಹೆಬ್ಬೆರಳ ಬುಡದ ಸ್ನಾಯುರಜ್ಜು ಊದಿಕೊಂಡಿತು, ಹೊಲಿಗೆ ಹಾಕುವ ಕೈಯದು. ಅದಕ್ಕಿಂತ ಕೆಟ್ಟದ್ದು, ಕುದುರೆಯನ್ನು ಒತ್ತುವ ಮೊದಲೇ ಮಣಿಕಟ್ಟು ಬೆದರಿ ಕೆಳಗೆ ಬಾಗುವ ಚಾಳಿ ಅಂಟಿಕೊಂಡಿತು. ಏಳು ಗಜದ ದೂರದಲ್ಲಿ ತಟ್ಟೆಯಗಲದ ಗುರಿಯೂ ತಪ್ಪುತ್ತಿತ್ತು. .22ರ ಪಿಸ್ತೂಲಿನಲ್ಲಿ ಒಂದು ವರ್ಷ ಅಭ್ಯಾಸ ಮಾಡಿದ ಮೇಲಷ್ಟೇ ಆ ಚಾಳಿ ಬಿಟ್ಟಿತು.

ಆದುದರಿಂದ ಗುರಿ ಅಭ್ಯಾಸಕ್ಕೆ .22 ಲಾಂಗ್ ರೈಫಲ್ ಎಂದು ಹೇಳಲು ನನಗೆ ಅನುಮಾನವಿಲ್ಲ. ಹೆಸರಿನಲ್ಲಿ ರೈಫಲ್ ಎಂದಿದ್ದರೂ 1880ರ ದಶಕದಿಂದ ಬಂದ ಈ ತೋಟಾ ಪಿಸ್ತೂಲಿಗೂ ಸಲ್ಲುತ್ತದೆ. ಒಲಿಂಪಿಕ್ಸಿನ 25 ಮೀಟರ್ ಸ್ಪರ್ಧೆಗಳಲ್ಲಿ ಬಳಸುವುದು ಇದನ್ನೇ. ಒದೆತ ಅತ್ಯಲ್ಪ, ಬೆಲೆ 9 ಮಿ.ಮೀ.ಯ ಮೂರನೆಯ ಒಂದು ಪಾಲಿನ ಆಸುಪಾಸು. ಒಂದು ಗಂಟೆಯಲ್ಲಿ ಇನ್ನೂರು ತೋಟಾ ಮುಗಿಸುವವರಿಗೆ ಈ ಅಂತರ ವರ್ಷಕ್ಕೆ ಸಣ್ಣ ಮೊತ್ತವಲ್ಲ. ಜೊತೆಗೊಯ್ಯಲು ಮಾತ್ರ .22 ಬೇಡ: ತೋಟಾದ ಅಂಚಿನಲ್ಲಿ ಮದ್ದಿರುವ ಈ ರಚನೆಯಲ್ಲಿ ಸಿಡಿಯದೆ ಉಳಿಯುವವು ಹೆಚ್ಚು. ಒಯ್ಯುವುದಕ್ಕೆ, ಬಹುಪಾಲು ಆರೋಗ್ಯವಂತ ವಯಸ್ಕರಿಗೆ, ಮಧ್ಯಮ ಗಾತ್ರದ 9 ಮಿ.ಮೀ. ಸಾಕು. ಸಂಧಿವಾತವುಳ್ಳವರಿಗೆ, ಸ್ಲೈಡನ್ನು ಎಳೆಯಲಾಗದವರಿಗೆ, ಸ್ವಲ್ಪ ತೂಕವಿರುವ .38 ರಿವಾಲ್ವರ್, ಇಲ್ಲವೇ ಸ್ಲೈಡ್ ಸುಲಭವಾಗಿರುವ .380. ಊರಿನಲ್ಲಿ ತಂದೆಯ ಬೀರುವಿನಲ್ಲಿ .32 ರಿವಾಲ್ವರನ್ನು ಕಂಡವರು ಅದನ್ನೇ ಇಲ್ಲಿಯೂ ಕೇಳುವುದುಂಟು. ಭಾರತದಲ್ಲಿ 9 ಮಿ.ಮೀ. ನಾಗರಿಕರಿಗೆ ನಿಷೇಧಿತ ಅಳತೆಯಾದುದರಿಂದ .32 ಅಲ್ಲಿ ರೂಢಿಗೆ ಬಂತು. ಇಲ್ಲಿ ಅದರ ತೋಟಾ ಅಪರೂಪ, ದುಬಾರಿ.

ಕಿವಿಯ ಬಗ್ಗೆ ಒಂದು ಮಾತು. ಯಾವ ಕ್ಯಾಲಿಬರಾದರೂ ಪಿಸ್ತೂಲಿನ ಸದ್ದು 140 ಡೆಸಿಬಲ್ ಮಿತಿಯನ್ನು ಮೀರುತ್ತದೆ, 9 ಮಿ.ಮೀ.ಯದು 160ರ ಹತ್ತಿರ. ಒಳಾಂಗಣದಲ್ಲಿ ಕಿವಿಯೊಳಗಿನ ಬಿರಡೆ ಮತ್ತು ಮೇಲಿನ ಮುಚ್ಚಿಗೆ ಎರಡೂ ಬೇಕು. ನನ್ನ ಎಡಗಿವಿಯಲ್ಲಿ ಜೀರುಂಡೆಯ ಸದ್ದು ನಿಂತಿಲ್ಲ. ಸೀಸದ ಧೂಳು ಕೈಗೂ ಬಟ್ಟೆಗೂ ಅಂಟುತ್ತದೆ; ಮನೆಯಲ್ಲಿ ಮಗುವಿದ್ದರೆ, ಗರ್ಭಿಣಿಯರಿದ್ದರೆ, ಆ ಬಟ್ಟೆಯಲ್ಲಿ ಒಳಗೆ ಬರಬಾರದು.

ಕ್ಯಾಲಿಬರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಅಮೆರಿಕದ ಬಂದೂಕು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಮನೆಯಲ್ಲಿ ಖಿನ್ನತೆಯಿಂದ ಬಳಲುವವರಿದ್ದರೆ, ಪರೀಕ್ಷೆಯ ಒತ್ತಡದಲ್ಲಿರುವ ಹದಿಹರೆಯದವರಿದ್ದರೆ, ನನ್ನ ಉತ್ತರ ಯಾವ ಅಳತೆಯೂ ಬೇಡ ಎಂಬುದೇ. ಔಷಧದ ಗುಳಿಗೆ ನುಂಗಿದವರಲ್ಲಿ ಬಹುಮಂದಿಯನ್ನು ನಾವು ಉಳಿಸಿಕೊಳ್ಳುತ್ತೇವೆ. ಗುಂಡಿನ ವಿಷಯದಲ್ಲಿ ಹಾಗೆ ಹೇಳಲಾರೆ. ಉಳಿದವರ ಮನೆಯಲ್ಲಿಯೂ ಬೀಗದ ಉಕ್ಕಿನ ಪೆಟ್ಟಿಗೆ ಪಿಸ್ತೂಲಿಗಿಂತ ಮೊದಲು ಬರಬೇಕು.

ಪ್ರಯಾಣಿಕರಿಗೆ ಎಚ್ಚರಿಕೆ. ಒಮ್ಮೆ ಬೆಂಗಳೂರಿಗೆ ಹೊರಟಾಗ, ಕೊನೆಯ ಗಳಿಗೆಯಲ್ಲಿ, ಕೈಚೀಲದ ಪಕ್ಕದ ಜೇಬಿನಲ್ಲಿ .22ರ ಒಂದು ತೋಟಾ ಸಿಕ್ಕಿತು. ಭಾರತದ ವಿಮಾನ ನಿಲ್ದಾಣದಲ್ಲಿ ಸಿಕ್ಕಿದ್ದರೆ ಆಯುಧ ಕಾಯಿದೆಯ ಮೊಕದ್ದಮೆ. ಮರೆತು ತಂದೆ ಎಂಬುದನ್ನು ನ್ಯಾಯಾಲಯದಲ್ಲಿ ಮನಗಾಣಿಸಬೇಕಾಗುತ್ತಿತ್ತು. ಅಂದಿನಿಂದ ಗುರಿ ಅಭ್ಯಾಸದ ಚೀಲ ಬೇರೆ, ಅದು ಗ್ಯಾರೇಜನ್ನು ಬಿಟ್ಟು ಮನೆಯೊಳಗೆ ಬರುವುದಿಲ್ಲ.

ಸಂಕ್ರಾಂತಿಯಂದು ಕೇಳಿದ ಮೂವರಲ್ಲಿ ಒಬ್ಬಾಕೆ ಪೌರತ್ವ ಪಡೆದವರು. ಅವರು ಬಾಡಿಗೆಯ ಪಿಸ್ತೂಲುಗಳಲ್ಲಿ ಹೊಡೆದು ನೋಡಿ 9 ಮಿ.ಮೀ. ಕೊಂಡರು. ಇನ್ನೊಬ್ಬರು ಗ್ರೀನ್ ಕಾರ್ಡ್ ಉಳ್ಳವರು. ಕಾನೂನಿನ ಅಡ್ಡಿಯಿರಲಿಲ್ಲ, ಮಡದಿಯ ಅಡ್ಡಿಯಿತ್ತು, ಮನೆಗೆ ಒಳ್ಳೆಯ ಬಾಗಿಲು ಹಾಕಿಸಿ ಚಿನ್ನವನ್ನು ಬ್ಯಾಂಕಿನಲ್ಲಿಟ್ಟರು. ಮೂರನೆಯವರು ಎಚ್-1ಬಿ ವೀಸಾದ ಯುವಕ. ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಕೇಂದ್ರ ಕಾನೂನಿನಂತೆ ಅಪರಾಧ. ಬಾಡಿಗೆಗೆ ಪಡೆದು ಹೊಡೆಯುವುದೂ ಅದರೊಳಗೇ ಬರುತ್ತದೆ. 2021ರಿಂದ ಟೆಕ್ಸಾಸಿನಲ್ಲಿ ಪರವಾನಗಿಯಿಲ್ಲದೆ ಪಿಸ್ತೂಲು ಒಯ್ಯಬಹುದೆಂಬ ಸುದ್ದಿಯನ್ನು ನಂಬಿ ಆತ ಅಂಗಡಿಗೆ ಹೊರಟಿದ್ದ. ಗಾಳಿಯ ಒತ್ತಡದಿಂದ ಹಾರುವ 4.5 ಮಿ.ಮೀ.ನ ಪಿಸ್ತೂಲು ಆ ಕಾನೂನಿನ ದೃಷ್ಟಿಯಲ್ಲಿ ಬಂದೂಕಲ್ಲ, ಆದರೂ ಕೆಲವು ರಾಜ್ಯಗಳ ನಿಯಮ ಬೇರೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಅಂಥದರಲ್ಲಿಯೇ. ಈಗ ನಮ್ಮ ಯುವಕ ತನ್ನ ಗ್ಯಾರೇಜಿನಲ್ಲಿ ಹತ್ತು ಮೀಟರ್ ಅಳೆದು, ಹಿಂದೆ ಉಕ್ಕಿನ ತಗಡು ನಿಲ್ಲಿಸಿಕೊಂಡು, ದಿನಕ್ಕೆ ನಲವತ್ತು ಗುಂಡು ಹೊಡೆಯುತ್ತಾನೆ. ಕಳೆದ ತಿಂಗಳು ಕಾಗದದ ಗುರಿಯ ಮೇಲೆ ಅವನ ಅಂಕ ನನ್ನದಕ್ಕಿಂತ ಮೇಲಿತ್ತು.